ಇಪ್ಪತ್ಮೂರು ಗುಮ್ಮಟಗಳು

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮಾಂತು ತನ್ನ ತಂಗಿ ರೇಣುವಿನ ಕೈಗೆ ಒಂದು ಹಾಳೆ ಕೊಟ್ಟ. ಹೃದಯದ ಕವಾಟ ಬದಲಿಸಿಕೊಳ್ಳಲು ಹೊರಟ ಮನುಷ್ಯ ಮನೆಯವರಿಗೆ ಏನು ಕೊಟ್ಟು ಹೋಗುತ್ತಾನೆ? ವಿಮೆಯ ಕಾಗದ, ಬೀರುವಿನ ಕೀಲಿಕೈ. ಈ ಪುಣ್ಯಾತ್ಮ ಕೊಟ್ಟದ್ದು ಇಪ್ಪತ್ಮೂರು ಯುದ್ಧನೌಕೆಗಳ ಉಸ್ತುವಾರಿ.

"ಬುಧವಾರ ಮುಂಜಾನೆ ಹನ್ನೊಂದಕ್ಕ ಎಲ್ಲಾ ಹಡಗು ಡಾಕ್‌ನ್ಯಾಗ ಹಾಕು. ಸಂಜಿ ಐದಕ್ಕ ಹೊರಗ ಬರ್ತಾವ. ಒಂದ್ ದಿನಾನೂ ತಡಾ ಮಾಡಬ್ಯಾಡ, ಗುರುವಾರ ಆಂವ ಬರ್ತಾನ," ಎಂದ.

'ಆಂವ' ಎಂದರೆ ರೇವನ್ ಎಂಬ ಹೆಸರಿಟ್ಟುಕೊಂಡು ಯಾವುದೋ ದೇಶದಲ್ಲಿ ಕೂತು ಆಡುವ, ಗುರುವಾರಕ್ಕೊಮ್ಮೆ ದಾಳಿಗೆ ಬರುವ ಎದುರಾಳಿ. ಇಂಟರ್ನೆಟ್ಟಿನ ಈ ಆಟಕ್ಕೆ ನಿದ್ದೆಯಿಲ್ಲ, ರಜೆಯಿಲ್ಲ. ನೀವು ನೋಡಿ ಬಿಡಿ, ಆಕಾಶದಲ್ಲಿ ನಿಮ್ಮ ಗ್ರಹಗಳು, ಗಣಿಗಳು, ಹಡಗುಗಳು ನಿಜವಾದ ಗಡಿಯಾರದ ಜೊತೆಗೇ ನಡೆಯುತ್ತಿರುತ್ತವೆ. ಒಂದು ದೊಡ್ಡ ಹಡಗು ಕಟ್ಟಲು ಎರಡು ವಾರ ಬೇಕು. ಎರಡು ವರ್ಷದಿಂದ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತ, ಕೆಲಸ ಬಿಟ್ಟು, ಮರಾಠಿ ಸೀಮೆಯ ಯೆರವಡಾದ ಎರಡು ಕೋಣೆಯ ಮನೆಯಲ್ಲಿ ಕೂತಿದ್ದ ಮಾಂತುವಿಗೆ ಪುರುಸೊತ್ತಿಗೇನು ಬರ? ಹಳೆಯ ಕಂಪ್ಯೂಟರಿನ ಮುಂದೆ ಅವನು ದಂಡನಾಯಕನಾಗಿಬಿಟ್ಟಿದ್ದ.

ಆ ಹಡಗಿನ ವಿನ್ಯಾಸವೂ ಅವನದೇ. ಒಡಲಿನಲ್ಲಿ ಹತ್ತು ಖಾನೆ. ಯಾವುದರಲ್ಲಿ ತೋಪು, ಯಾವುದರಲ್ಲಿ ಎಂಜಿನ್ನು ಎಂಬುದು ಆಡುವವನ ಇಷ್ಟ. ಉಳಿದವರೆಲ್ಲ ಹಸಿದವರ ಹಾಗೆ ತೋಪು ತುಂಬಿದರೆ, ಇವನು ಎರಡು ತೋಪು ಕಿತ್ತು ಒಂದು ಎಂಜಿನ್ನು ಹೆಚ್ಚಿಗೆ ಕೂಡಿಸಿದ್ದ. ಸುತ್ತ ದಪ್ಪ ಕವಚ. ವಿಜಾಪುರದ ಕಡೆಯವನಾದ್ದರಿಂದ ಅದಕ್ಕೆ 'ಗುಮ್ಮಟ' ಎಂದು ಹೆಸರಿಟ್ಟ. ಈಗ ಹೊಸ ಜಾತಿಯ ಕವಚ ಸಿಕ್ಕಿತ್ತು. ಅದನ್ನು ತೊಡಿಸಲು ಆರು ತಾಸು ಹಡಗುಗಳನ್ನು ರಿಪೇರಿ ಕಟ್ಟೆಯಾದ ಡಾಕ್‌ನಲ್ಲಿ ನಿಲ್ಲಿಸಬೇಕು. ಹಳೆಯ ಕವಚ ಮೊದಲ ಗಳಿಗೆಯಲ್ಲೇ ಕಳಚಿ ಹೋಗುತ್ತದೆ. ಕೆಲಸ ಮುಗಿಯುವವರೆಗೆ ತೋಪು ಹಾರದು, ಎಂಜಿನ್ನು ಚಾಲೂ ಆಗದು. ಅರ್ಧಕ್ಕೆ ರದ್ದು ಮಾಡಿದರೆ ಹಡಗುಗಳು ಬರಿಮೈಯಲ್ಲಿ ಹೊರಬರುತ್ತವೆ, ಆದರೆ ಓಡಿ ತಪ್ಪಿಸಿಕೊಳ್ಳಬಹುದು. ಇದೆಲ್ಲ ಹಾಳೆಯಲ್ಲಿ ಬರೆದಿತ್ತು.

ಬುಧವಾರ ಮುಂಜಾನೆ ರೇಣು ಕಂಪ್ಯೂಟರ್ ಹಚ್ಚಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಕಪ್ಪು ಚುಕ್ಕೆ. ಅಮಾವಾಸ್ಯೆ.

"ಅಮಾಸಿ ದಿನ ಹೊಸಾ ಕೆಲಸಕ್ಕ ಕೈ ಹಚ್ಚಬಾರದು," ಎಂದು ಅವ್ವ ಭೀಮವ್ವ ಹೇಳಿದಾಗಲೆಲ್ಲ ಮಾಂತು, "ಚಂದ್ರ ಒಂದ್ ದಿನ ಸೂಟಿ ತಗೊಂಡರ ನಿಂಗೇನ ತ್ರಾಸ?" ಎಂದು ಚೇಷ್ಟೆ ಮಾಡುತ್ತಿದ್ದ. ವಿಮಾನ ನಗರದ ಕಚೇರಿಯಲ್ಲಿ ದಿನವಿಡೀ ಕೀಬೋರ್ಡು ಕುಟ್ಟುವ ರೇಣುವೂ ಅಣ್ಣನ ಜೊತೆ ನಗುತ್ತಿದ್ದಳು. ಅವನ ಮೈ ನೆಟ್ಟಗಿದ್ದಾಗ ನಗುವುದು ಸಲೀಸು. ನಾಳೆ ಅವನ ಎದೆ ಸೀಳುತ್ತಾರೆ. ಇವತ್ತು ಅಮಾವಾಸ್ಯೆಯಂದು ಅವನ ಹಡಗುಗಳನ್ನು ಬಿಚ್ಚಿ ಹರವುವುದೇ? ನಾಳೆ ಮುಂಜಾನೆ ದೀಪ ಹಚ್ಚಿಯೇ ಮಾಡಿದರಾಯಿತು, ರೇವನ್ ಬರುವಷ್ಟರಲ್ಲಿ ಮುಗಿದೀತು ಎಂದು ಕಂಪ್ಯೂಟರ್ ಆರಿಸಿದಳು.

ಗುರುವಾರ ಎಂಟಕ್ಕೆ ದೇವರಿಗೆ ದೀಪ ಹಚ್ಚಿ, ಇಪ್ಪತ್ಮೂರು ಗುಮ್ಮಟಗಳನ್ನೂ ಡಾಕ್‌ಗೆ ಸೇರಿಸಿ, ಆಸ್ಪತ್ರೆಗೆ ಓಡಿದಳು. ಒಂಬತ್ತಕ್ಕೆ ಮಾಂತುವನ್ನು ಒಳಗೆ ಒಯ್ದರು. ಹೋಗುವಾಗ ಅವನು ಅವ್ವನಿಗೆ ಕಣ್ಣು ಹೊಡೆದು ನಕ್ಕ.

ಅವ್ವ ಬೆಂಚಿನ ಮೇಲೆ ಕೂತು ಜಪಕ್ಕೆ ತೊಡಗಿದಳು. ರೇಣುವಿಗೆ ಕೂರಲಾಗಲಿಲ್ಲ. ಹತ್ತೂವರೆಯ ಹೊತ್ತಿಗೆ ಎದುರಿನ ಸೈಬರ್ ಕೆಫೆಗೆ ಹೋಗಿ ಆಟ ತೆರೆದಳು. ಪರದೆಯ ಮೇಲೆ ಒಂದು ಕೆಂಪು ಗೆರೆ ಅವರ ಗ್ರಹದ ಕಡೆಗೆ ತೆವಳುತ್ತಿತ್ತು. ರೇವನ್. ತಲುಪುವ ಸಮಯ ಹನ್ನೊಂದು ನಲವತ್ತು. ಕವಚದ ಕೆಲಸ ಮುಗಿಯುವುದು ಎರಡು ಗಂಟೆಗೆ.

ನಿನ್ನೆಯೇ ಹಾಕಿದ್ದರೆ ಈ ಹೊತ್ತಿಗೆ ಹೊಸ ಕವಚ ತೊಟ್ಟು ಸಾಲಾಗಿ ನಿಂತಿರುತ್ತಿದ್ದವು. ಈಗ ಬಿಚ್ಚಿದ ಮೈಯಲ್ಲಿ ಮಲಗಿವೆ. ಇರುವುದು ಒಂದೇ ದಾರಿ, ರದ್ದು ಮಾಡಿ ಓಡಿಸುವುದು. ಬಾಣದ ಗುರುತನ್ನು 'ರದ್ದು' ಗುಂಡಿಯ ಮೇಲೆ ತಂದು ನಿಲ್ಲಿಸಿದಳು.

ಬೆರಳು ಒತ್ತಲಿಲ್ಲ. ರಸ್ತೆಯ ಆಚೆ, ಮೂರನೆಯ ಮಹಡಿಯಲ್ಲಿ, ಅಣ್ಣನೂ ಎದೆ ಬಿಚ್ಚಿಸಿಕೊಂಡು ಮಲಗಿದ್ದಾನೆ. ಹಳೆಯ ಕವಾಟ ತೆಗೆದಿರುತ್ತಾರೆ, ಹೊಸದು ಇನ್ನೂ ಕೂತಿರುವುದಿಲ್ಲ. ತಾನು ಇಲ್ಲಿ ಅರ್ಧಕ್ಕೆ ನಿಲ್ಲಿಸಿದರೆ ಅಲ್ಲಿಯೂ ಯಾರೋ ಅರ್ಧಕ್ಕೆ ಕೈ ತೆಗೆದುಬಿಡುತ್ತಾರೆ ಎಂಬ ಭಯ ಅವಳನ್ನು ಹಿಡಿಯಿತು. ಹುಚ್ಚು ಭಯ, ಅವಳಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಭಯ ಬಿಟ್ಟು ಹೋಗುತ್ತದೆಯೇ? ಹನ್ನೊಂದು ಹೊಡೆಯಿತು. ಹನ್ನೊಂದೂ ಕಾಲಾಯಿತು. ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಪರೀಕ್ಷೆಯ ಫಲಿತಾಂಶ ಹುಡುಕುತ್ತ ಮರಾಠಿಯಲ್ಲಿ ಗೊಣಗುತ್ತಿದ್ದಳು. ರೇಣು ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು.

ಹನ್ನೊಂದು ನಲವತ್ತಕ್ಕೆ ಕೆಂಪು ಗೆರೆ ಗ್ರಹವನ್ನು ಮುಟ್ಟಿತು. ಸ್ಫೋಟವಿಲ್ಲ, ಸದ್ದಿಲ್ಲ. ಒಂದು ವರದಿ ಬಂತು, ಅಷ್ಟೇ. ಗುಮ್ಮಟ: ಇದ್ದದ್ದು ಇಪ್ಪತ್ಮೂರು, ನಾಶವಾದದ್ದು ಇಪ್ಪತ್ಮೂರು.

ಅವಳು ರಸ್ತೆ ದಾಟಿದ್ದು ಹೇಗೆಂದು ಅವಳಿಗೇ ನೆನಪಿಲ್ಲ. ಮೆಟ್ಟಿಲು ಹತ್ತುತ್ತ ಅಣ್ಣ ಹೋದ ಎಂದೇ ತಿಳಿದಳು. ಅವ್ವನ ಪಕ್ಕ ಕೂತು ಬಾಗಿಲನ್ನೇ ನೋಡಿದಳು. ಒಂದೂವರೆಗೆ ಡಾಕ್ಟರು ಹೊರಗೆ ಬಂದು, ಮುಖಗವಸು ಇಳಿಸಿ, ಎಲ್ಲ ಸರಿಯಾಗಿದೆ ಎಂದು ಮರಾಠಿಯಲ್ಲಿ ಹೇಳಿದರು. ಅವ್ವ ಅಲ್ಲೇ ನೆಲಕ್ಕೆ ಕೈ ಮುಟ್ಟಿಸಿ ನಮಸ್ಕಾರ ಮಾಡಿದಳು. ರೇಣುವಿಗೆ ಅಳು ಕೂಡ ಬರಲಿಲ್ಲ.

ಶನಿವಾರದ ಹೊತ್ತಿಗೆ ಅವನ ಬಾಯಿಗಿದ್ದ ನಳಿಗೆ ತೆಗೆದಿದ್ದರು. ಅವ್ವ ಗಂಜಿ ತರಲು ಕೆಳಗೆ ಇಳಿದದ್ದೇ ತಡ, ಮಾಂತು ಕೇಳಿದ: "ಗುಮ್ಮಟ?"

ಮನಸ್ಸಿಗೆ ಆಘಾತವಾಗುವಂಥದ್ದೇನೂ ಹೇಳಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಎರಡು ದಿನದಿಂದ ರೇಣು ಒಂದು ಸುಳ್ಳನ್ನು ಬಾಯಿಪಾಠ ಮಾಡಿಟ್ಟಿದ್ದಳು. ಅವನ ಮುಖ ನೋಡಿದಾಗ ಅದು ಹೊರಡಲಿಲ್ಲ.

"ಎಲ್ಲಾ ಹೋದ್ವು ಅಣ್ಣಾ. ಇಪ್ಪತ್ಮೂರೂ."

"ಬುಧವಾರ ಹಾಕಲಿಲ್ಲೇನು?"

"ಅಮಾಸಿ ಇತ್ತು. ಅಂಜಿಕಿ ಬಂತು. ಗುರುವಾರ ಹಾಕಿದೆ."

"ರದ್ದು ಮಾಡಿ ಓಡಸಬೇಕಿತ್ತಲ್ಲ."

"ಆವಾಗ ನೀ ಒಳಗ ಇದ್ದಿ," ಎಂದಳು.

ಮಾಂತು ಸೂರಿನತ್ತ ಕಣ್ಣು ತಿರುಗಿಸಿದ. ತಲೆಯ ಹತ್ತಿರದ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ಅದರ ಲಯ ತಪ್ಪೀತು ಎಂದು ರೇಣು ಎಣಿಸುತ್ತ, ಬೈಗುಳ ಕಾಯುತ್ತ ನಿಂತಳು.

"ನನ್ನ ಆಪರೇಷನ್ನೂ ಮೊದಲ ಬುಧವಾರನ ಇತ್ತು," ಎಂದ ಮಾಂತು, ಗೊಗ್ಗರು ದನಿಯಲ್ಲಿ. "ಅಮಾಸಿ ಅದ, ಒಂದ್ ದಿನ ಮುಂದ ಹಾಕ್ರಿ ಅಂತ ಡಾಕ್ಟರಗ ಕೈ ಮುಗದು ಬೇಡಿಕೊಂಡೆ. ಅವ್ವಗ ಹೇಳಬ್ಯಾಡ."

ರೇಣು ಅವನ ಕೈ ಹಿಡಿದುಕೊಂಡಳು. ಮನೆಯವರು ಡಾಕ್ಟರನ್ನು ಕೇಳಿದ್ದರು, ಔಷಧಿ ಕೇಳಿದ್ದರು, ದೇವರನ್ನು ಕೇಳಿದ್ದರು. ಎರಡು ವರ್ಷದಲ್ಲಿ ಅವನಿಗೆ ಭಯವಾಗುತ್ತದೆಯೇ ಎಂದು ಮಾತ್ರ ಮನೆಯಲ್ಲಿ ಒಬ್ಬರೂ ಅವನನ್ನು ಕೇಳಿರಲಿಲ್ಲ.

"ಭಾಳ ಅಂಜಿಕಿ ಆಗಿತ್ತೇನು?" ಎಂದು ಕೇಳಿದಳು.

"ಈಗೂ ಅದ," ಎಂದ ಮಾಂತು. ಅವ್ವ ಗಂಜಿ ತರುವವರೆಗೆ ಅವನು ಅವಳ ಕೈ ಬಿಡಲಿಲ್ಲ.