ಜೋಳದ ಹಿಟ್ಟಿನ ಅಳತೆ

ನನಗೆ ಕಾಯುವುದು ಬರುವುದಿಲ್ಲ. ಸವಣೂರಿನಲ್ಲಿ ಹದಿನೆಂಟು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ, ಜೀಪು, ಟೆಂಪೊ ಎಲ್ಲ ಬಿಚ್ಚಿ ಜೋಡಿಸಿದ್ದೇನೆ. ರೇಸಿನ ಇಂಜಿನ್ ಕಟ್ಟುತ್ತಿರುವುದು ಇದೇ ಮೊದಲು. ಚಿಕ್ಕೇರೂರಿನ ರಾಜಕುಮಾರ ಎಂಬವನ ಕಾರು, ಅವನೂ ಪಕ್ಕದಲ್ಲೇ ನಿಂತಿದ್ದ. ಭಾನುವಾರ ಯಲವಿಗಿಯ ಬಯಲಿನಲ್ಲಿ ಮಣ್ಣಿನ ರೇಸು, ಇವತ್ತು ಗುರುವಾರ. ಈ ಕಾರು ಓಡಿದರೆ ಅತೀಕ ಎಂಬ ನನ್ನ ಹೆಸರು ಹಿರೇಕೆರೂರಿನ ತನಕ ಹಬ್ಬುತ್ತದೆ ಎಂದು ನೆನೆದೇ ಖುಷಿಯಾಗುತ್ತಿತ್ತು.

ವಾಲ್ವ್‌ಗಳನ್ನು ಒತ್ತುವ ಕ್ಯಾಮ್ ದೊಡ್ಡದು ಹಾಕಿದ್ದೆ, ಇಂಜಿನ್ನಿನ ಮುಚ್ಚಳವಾದ ಹೆಡ್ಡನ್ನು ಲೇತಿನಲ್ಲಿ ಹೆರೆಸಿದ್ದೆ. ಹೀಗಾಗಿ ಮೇಲಿನ ವಾಲ್ವ್ ಮೊದಲಿಗಿಂತ ಕೆಳಗಿಳಿಯುತ್ತದೆ, ಪಿಸ್ಟನ್ ಅದರ ತೀರ ಹತ್ತಿರ ಬರುತ್ತದೆ. ನಡುವೆ ಎರಡೂವರೆ ಮಿಲಿಮೀಟರ್ ಜಾಗ ಬೇಕೇ ಬೇಕು. ಇಲ್ಲದಿದ್ದರೆ ವೇಗ ಏರಿದಾಗ ಎರಡೂ ಡಿಕ್ಕಿ ಹೊಡೆದು ಇಂಜಿನ್ ಚೂರುಚೂರಾಗುತ್ತದೆ. ಅಳೆಯುವ ದಾರಿ ಸುಲಭ: ಪಿಸ್ಟನ್ ಮೇಲೆ ಮೆತ್ತನೆಯ ಜೇಡಿಮಣ್ಣು ಇಟ್ಟು, ಹೆಡ್ ಬಿಗಿದು, ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಬಿಚ್ಚಬೇಕು. ವಾಲ್ವ್ ಒತ್ತಿದಲ್ಲಿ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಜಾಗ. ಜೇಡಿ ಹುಡುಕುತ್ತ ಅಲೆಯುವ ತಾಳ್ಮೆ ಯಾರಿಗಿದೆ? ಪಕ್ಕದ ಖಾನಾವಳಿಗೆ ನುಗ್ಗಿ ಚಪಾತಿ ಹಿಟ್ಟಿನ ಒಂದು ಉಂಡೆ ಎತ್ತಿಕೊಂಡು ಬಂದೆ.

ಬಿಗಿದೆ, ತಿರುಗಿಸಿದೆ, ಬಿಚ್ಚಿದೆ. ಹಿಟ್ಟು ಕೊಯ್ದು ವರ್ನಿಯರ್ ಅಳತೆಗೋಲು ಹಿಡಿದರೆ ಎರಡೂಮುಕ್ಕಾಲು ಮಿಲಿಮೀಟರ್!

“ರಾಜಕುಮಾರಾ, ಕೆಲಸ ಮುಗೀತು! ಸಂಜೀಕ ಸ್ಟಾರ್ಟ್ ಮಾಡೂಣು!”

ಅಷ್ಟರಲ್ಲಿ ಖಾನಾವಳಿಯ ಮಾದೇವಕ್ಕ ಸೊಂಟಕ್ಕೆ ಕೈಯಿಟ್ಟು ಬಂದು ನಿಂತಳು. “ನನ್ನ ಹಿಟ್ಟು ಒಯ್ದು ಏನ್ ಮಾಡಾಕತ್ತಿ?”

ಹೇಳಿದೆ. ಆಕೆ ನಕ್ಕುಬಿಟ್ಟಳು. “ಇದು ಗೋದಿ ಹಿಟ್ಟೋ ತಮ್ಮಾ. ಒತ್ತಿ ಬಿಟ್ರ ಮತ್ತ ಮ್ಯಾಲ ಏಳತೈತಿ.”

“ಅಕ್ಕಾ, ನೀ ರೊಟ್ಟಿ ಬಡಿ ಹೋಗು. ಇಂಜಿನ್ ನನಗ ಬಿಡು.”

ಆಕೆ ಉಳಿದ ಹಿಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಕೈ ತೆಗೆದಳು. ತಗ್ಗು ಮೆಲ್ಲಗೆ ತುಂಬಿಕೊಳ್ಳತೊಡಗಿತು. ಅಂದರೆ ನಾನು ಅಳೆದದ್ದೂ ಹೀಗೆ ಮೇಲೆದ್ದ ಹಿಟ್ಟನ್ನೇ!

“ಜ್ವಾಳದ ಹಿಟ್ಟು ಒತ್ತಿದಂಗ ಇರತೈತಿ. ಸುಡುನೀರಾಗ ನಾದಿ ಕೊಡತೇನಿ, ತಡಿ.”

ಮತ್ತೆ ಬಿಗಿದು, ತಿರುಗಿಸಿ, ಬಿಚ್ಚಿ ಅಳೆದೆ. ಒಂದೂಕಾಲು! ಆ ಕಾರು ಓಡಿಸಬೇಕಾದ ರಾಜಕುಮಾರ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು.

ಶುಕ್ರವಾರವಿಡೀ ಲೇತಿನ ಮುಂದೆ ನಿಂತೆ. ನಾಲ್ಕೂ ಪಿಸ್ಟನ್ನಿನ ತಲೆಯಲ್ಲಿ ವಾಲ್ವಿನ ಗುಳಿಗಳನ್ನು ಆಳ ಮಾಡಿಸಿದೆ. ಮತ್ತೆ ಜೋಳದ ಹಿಟ್ಟು ಇಟ್ಟು ಒಂದೊಂದನ್ನೂ ಅಳೆದೆ. ಎರಡೂವರೆಯ ಮೇಲೆ ಕೂದಲೆಳೆಯಷ್ಟು! ನಾಲ್ಕರಲ್ಲೂ!

ಶನಿವಾರ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದ ಮಾದೇವಕ್ಕನನ್ನು ಕರೆತಂದು ಡ್ರೈವರ್ ಸೀಟಿನಲ್ಲಿ ಕೂರಿಸಿದೆ.

“ಕೀಲಿ ನೀನ ತಿರುವು, ಅಕ್ಕಾ.”

“ಒಲ್ಲೆಪ್ಪಾ! ಒಡದ್ರ?”

“ಒಡಿಯೂದಿಲ್ಲ. ನಿನ್ನ ಹಿಟ್ಟ ಹೇಳೇತಿ.”

ಕಣ್ಣು ಮುಚ್ಚಿ ತಿರುವಿದಳು. ಇಂಜಿನ್ ಗುಡುಗಿತು! ಖಾನಾವಳಿಯ ತಾಟುಗಳು ಝಣಝಣ ಎಂದವು. ಬಿಸಿಯಾಗಲು ಬಿಟ್ಟು, ಆಮೇಲೆ ನಾನೇ ಬಾನೆಟ್ಟಿನೊಳಗೆ ಕೈಹಾಕಿ ವೇಗವನ್ನು ಮೆಲ್ಲಗೆ ಏರಿಸಿದೆ. ನಿಮಿಷಕ್ಕೆ ಐದು ಸಾವಿರ ಸುತ್ತು, ಆರು, ಏಳು. ಒಂದೇ ಒಂದು ಟಕ್ ಶಬ್ದವಿಲ್ಲ. ನಾನು ಕುಣಿದೇಬಿಟ್ಟೆ.

ಕೀಲಿಯ ಕರಿ ಹಿಡಿಕೆಯ ಮೇಲೆ ಆಕೆಯ ಹೆಬ್ಬೆರಳಿನ ಬಿಳಿ ಹಿಟ್ಟಿನ ಗುರುತು ಮೂಡಿತ್ತು. ರಾಜಕುಮಾರ ಅಂಗಿಯ ತುದಿಯಿಂದ ಒರೆಸಲು ಹೋದ.

“ಏ, ಮುಟ್ಟಿಗಿಟ್ಟಿ!” ಎಂದು ಗದರಿದೆ. “ರೇಸ್ ಮುಗಿಯೂತನಾ ಅದು ಹಂಗ ಇರಬೇಕು.”