ಎರಡನೆಯ ಪರದೆ

ಕ್ಯಾಮೆರಾದೊಳಗಿನ ಪರದೆಯನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತು ಕಂಡಿತು. ರೋಸ್ವಿಟಾ ಅದನ್ನು ಪಕ್ಕದ ಮೇಜಿನ ಮುದುಕ ಗೋಟ್‌ಹೋಲ್ಡನತ್ತ ಚಾಚಿದಳು.

“ಬಿಸಿಲಿಗೆ ಬಾಯಿ ತೆಗೆದಿಟ್ಟಿದಾನೆ ಪುಣ್ಯಾತ್ಮ,” ಎಂದ ಅವನು. “ಹೆಂಡತಿ ಮುಚ್ಚಳಾನ ಉಪ್ಪಿನ ಡಬ್ಬಕ್ಕೆ ಹಾಕಿರಬೇಕು.”

ಡ್ರೆಸ್ಡೆನ್ನಿನ ಆ ರಿಪೇರಿ ಅಂಗಡಿಗೆ ಇಂಥ ತೂತು ಹೊಸದಲ್ಲ. ಮುಚ್ಚಳ ಹಾಕದ ಕ್ಯಾಮೆರಾವನ್ನು ಸೂರ್ಯನ ಎದುರು ಬಿಟ್ಟರೆ, ಭೂತಗನ್ನಡಿ ಕಾಗದವನ್ನು ಸುಡುವ ಹಾಗೆ ಮಸೂರವು ಹಿಂದಿನ ಬಟ್ಟೆಯ ಪರದೆಯನ್ನು ಸುಡುತ್ತದೆ. ರಜೆಯಲ್ಲಿ ಸಮುದ್ರದ ದಂಡೆಗೆ ಹೋದವರು ಮಾಡುವ ತಪ್ಪು ಅದು. ಇಲ್ಲವೆ, ಒಂದೇ ಕಿಟಕಿಯಲ್ಲಿ ದಿನವಿಡೀ ಯಾರಿಗೋ ಕಾಯುವವರು ಮಾಡುವ ತಪ್ಪು.

ಬೆಳಗ್ಗೆ ಇದನ್ನು ತಂದವನು ಹೆಸರು ಹೇಳಿರಲಿಲ್ಲ. ಸಂಜೆಗೆ ಬೇಕು ಎಂದಷ್ಟೇ ಹೇಳಿದ್ದ. ಬೆಳಕು ಸೋರುವುದನ್ನು ತೋರಿಸಲು ಒಂದು ಚಿತ್ರದ ಮೇಲಂಚನ್ನು ಮಾತ್ರ ಕತ್ತರಿಸಿ ತಂದಿದ್ದ. ಆ ಪಟ್ಟಿಯಲ್ಲಿ ಆಕಾಶ, ಆಕಾಶದಲ್ಲೊಂದು ಬಿಳಿ ಚುಕ್ಕೆ, ಅದರ ಕೆಳಗೆ ಹೆಂಚಿನ ಮೇಲೆ ಪಾರಿವಾಳದ ಗೂಡು.

ಗೂಡಿಗೆ ಬಾಗಿಲಾಗಿದ್ದದ್ದು ಹಳೆಯ ಪಿಯಾನೋದ ಮುಚ್ಚಳ. ಅದನ್ನು ತಮ್ಮನ ಮನೆಯ ಮಹಡಿಗೆ ಏರಿಸುವಾಗ ಒಂದು ತುದಿ ಹಿಡಿದವಳು ರೋಸ್ವಿಟಾಳೇ. ಇನ್ನೊಂದು ತುದಿಯಲ್ಲಿ ಆ ತಮ್ಮ, ಲೋಟರ್, ಇದ್ದ.

ಬರ್ಲಿನ್ನಿನಲ್ಲಿ ಗೋಡೆ ಎದ್ದು ವರ್ಷವಾಗಿರಲಿಲ್ಲ. ಕದ್ದು ಆಚೆ ಪಶ್ಚಿಮಕ್ಕೆ ದಾಟುವ ಮಾತನ್ನು ಲೋಟರ್ ಅಕ್ಕನ ಹತ್ತಿರವೂ ಅರ್ಧಕ್ಕೇ ನಿಲ್ಲಿಸುತ್ತಿದ್ದ. ಜೊತೆಗೆ ಹೊರಡುವವರು ನಾಳೆ ಅವನ ಮನೆಗೆ ಬರುತ್ತಾರೆಂಬುದಷ್ಟು ಅವಳಿಗೆ ಗೊತ್ತಿತ್ತು. ಅವರ ಮುಖಗಳು ಆ ಮನೆಯನ್ನು ಕಾಯುತ್ತಿರುವ ಗುಪ್ತ ಪೊಲೀಸರ ಈ ಕ್ಯಾಮೆರಾದಲ್ಲಿ ಮೂಡಿದರೆ ಮುಂದೇನು ಎಂದು ಆ ಊರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಲೋಟರ್ ಕಾರ್ಖಾನೆ ಬಿಡುವುದು ಸಂಜೆ. ಅಂಗಡಿ ಮುಚ್ಚಿ, ಟ್ರಾಮು ಹತ್ತಿ, ನೇರ ಅವನ ಮನೆಗೆ ಹೋಗಿ ಹೇಳುವುದು. ಅಕಸ್ಮಾತ್ ಅವನು ಸಿಗದೆ ಹೋದರೂ ನಾಳೆಯ ಒಂದು ದಿನ ಈ ಯಂತ್ರ ಕೈಕೊಟ್ಟರೆ ಸಾಕು.

ಅವಳು ಹೊಸ ಪರದೆ ಕತ್ತರಿಸಿ ಅಂಟಿಸಿದಳು. ಒಳಗಿರುವುದು ಎರಡು ಪರದೆ. ಗುಂಡಿ ಒತ್ತಿದೊಡನೆ ಮೊದಲನೆಯದು ಓಡಿ ಫಿಲ್ಮಿಗೆ ಬೆಳಕು ಬಿಡುತ್ತದೆ, ಎರಡನೆಯದು ಬೆನ್ನಿಗೇ ಬಂದು ಮುಚ್ಚುತ್ತದೆ. ಎರಡರ ನಡುವಿನ ಸೀಳು ಹಾದುಹೋದಷ್ಟೇ ಚಿತ್ರ. ಮೊದಲನೆಯದರ ಸ್ಪ್ರಿಂಗ್ ಸಡಿಲವಾದರೆ ಎರಡನೆಯದು ನಡುದಾರಿಯಲ್ಲೇ ಅದನ್ನು ಮುಟ್ಟುತ್ತದೆ. ಉಳಿದರ್ಧ ಕಪ್ಪು.

ರೋಸ್ವಿಟಾ ಸ್ಪ್ರಿಂಗಿನ ತಿರುಪನ್ನು ಸಡಿಲಿಸಿದಳು. ಗೋಟ್‌ಹೋಲ್ಡ್ ನೋಡಿದ. ನೋಡಿ, ತನ್ನ ಕೆಲಸಕ್ಕೆ ತಲೆ ಬಗ್ಗಿಸಿದ. ಆಮೇಲೆ ಅವನು ತಮಾಷೆ ಮಾಡಲಿಲ್ಲ.

ಕ್ಯಾಮೆರಾ ತಂದವನು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದ. ಕ್ಯಾಮೆರಾದ ಬೆನ್ನು ತೆರೆದು, ಕಿಟಕಿಯ ಕಡೆ ಹಿಡಿದು, ಈ ಕಸುಬಿನವರ ಹಾಗೆಯೇ ಒಂದು ಕಣ್ಣು ಮುಚ್ಚಿ ಗುಂಡಿ ಒತ್ತಿದ. ಬೆಳಕಿನ ಗೆರೆ ಅರ್ಧಕ್ಕೇ ಆರಿತು. ಮತ್ತೆ ಒತ್ತಿದ. ಮತ್ತೆ ಹಾಗೇ ಆಯಿತು.

ಅಂಟು ಆರಿಲ್ಲ, ನಾಳೆ ಮಧ್ಯಾಹ್ನ ಬನ್ನಿ ಎಂದಳು ಅವಳು. ಅವನು ದನಿ ಏರಿಸಲಿಲ್ಲ. ಕ್ಯಾಮೆರಾವನ್ನು ಮೆಲ್ಲಗೆ ಅವಳ ಮುಂದಿಟ್ಟ.

“ಲೋಟರನ ಅಕ್ಕ ಕೆಟ್ಟ ಕೆಲಸ ಮಾಡಲ್ಲ ಅಂತ ಕೇಳಿದೀನಮ್ಮ,” ಎಂದ. “ನಂಗೇನೂ ಅವಸರ ಇಲ್ಲ. ಇಲ್ಲೇ ಕೂತಿರ್ತೀನಿ.”

ಬಾಗಿಲಿಗೆ ಅಡ್ಡವಾಗಿ ಸ್ಟೂಲು ಎಳೆದುಕೊಂಡು ಕೂತು, ಟೊಪ್ಪಿಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡ.

ಗೋಟ್‌ಹೋಲ್ಡ್ ಲೋಹ ಉಜ್ಜುತ್ತಿದ್ದ ಅರ ನಿಂತಿತ್ತು. ರೋಸ್ವಿಟಾ ತಿರುಪುಳಿ ಕೈಗೆ ತೆಗೆದುಕೊಂಡಳು. ಬೆರಳುಗಳಿಗೆ ದಾರಿ ಗೊತ್ತಿತ್ತು. ಬಿಗಿಮಾಡಿ, ಕಿಟಕಿಗೆ ಹಿಡಿದು ಒತ್ತಿದಳು. ಬೆಳಕು ಈ ಅಂಚಿನಿಂದ ಆ ಅಂಚಿನವರೆಗೂ ಒಂದೇ ಸಮನೆ ಹಾದುಹೋಯಿತು.

“ಇನ್ನೊಂದ್ಸಲ,” ಎಂದ ಅವನು.

ಕಿಟಕಿಯಾಚೆ ಲೋಟರನ ಮನೆ ಕಡೆಯ ಟ್ರಾಮು ಬಂದು ನಿಂತಿತು. ಇಬ್ಬರು ಹತ್ತಿದರು. ಹೊರಟ ಮೇಲೂ ಅದರ ಹಿಂಬದಿಯ ಗಾಜಿನಲ್ಲಿ ಸಂಜೆಯ ಬಿಸಿಲು ಸ್ವಲ್ಪ ದೂರ ಹೊಳೆಯುತ್ತಾ ಹೋಯಿತು.