ಗಾಳಿಯಲ್ಲಿ ಜಾಗ ಕೇಳಿದವರು

ಹಯಗ್ರೀವ ಉಪಾಧ್ಯರು ಯಾರ ಮನೆಗೆ ಬಂದರೂ ಮೊದಲು ಮನೆಯವರ ಮುಖ ನೋಡುತ್ತಿರಲಿಲ್ಲ, ಹೊಸ್ತಿಲಲ್ಲೇ ನಿಂತು, ಹನಿ ಬೀಳುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸುವವರಂತೆ ಬಲ ಅಂಗೈಯನ್ನು ಮುಂದಕ್ಕೆ ಚಾಚಿ, ಛಾವಣಿಯ ನಾಲ್ಕು ಮೂಲೆಗಳಿಗೂ ಒಮ್ಮೆ ಕಣ್ಣು ಹಾಯಿಸಿ, ಆಮೇಲಷ್ಟೇ "ಹೇಗಿದ್ದೀರಿ ರಾಯರೇ?" ಎನ್ನುತ್ತಿದ್ದರು. ವೈಫೈ ಎಂಬುದು ಅಂಗೈಗೆ ತಾಗುವ ಪದಾರ್ಥವಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಇರಲಿಲ್ಲ. ಆದರೂ ಕೈ ಚಾಚುತ್ತಿದ್ದರು. "ಇಲ್ಲಿ ಬಹಳ ಗದ್ದಲ ಉಂಟು" ಎಂದು ನಿಶ್ಶಬ್ದವಾದ ನನ್ನ ಕೋಣೆಯಲ್ಲಿ ನಿಂತು ಅವರು ಹೇಳಿದಾಗ, ಇವರಿಗೆ ಎಲ್ಲೋ ಒಂದು ಸುತ್ತು ಸಡಿಲವಿರಬೇಕು ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದೆ.

ಮೈಮೇಲೆ ಸದಾ ಒಂದು ಬೂದು ಬಣ್ಣದ ಕೋಟು. ರಬಾಳೆಯ ರೇಡಿಯೋ ಕಾರ್ಖಾನೆಯೊಂದರಲ್ಲಿ ಇಪ್ಪತ್ತೊಂದು ವರ್ಷ ಅವರು ಪರೀಕ್ಷಕರಾಗಿದ್ದವರು. ತಯಾರಾದ ಪ್ರತಿಯೊಂದು ಯಂತ್ರವೂ ತನಗೆ ವಿಧಿಸಿದ ತರಂಗಗಳ ಪಟ್ಟಿಯೊಳಗೇ ಮಾತಾಡುತ್ತದೆಯೋ, ಪಕ್ಕದವರ ಪಟ್ಟಿಗೆ ಕಾಲು ಚಾಚುತ್ತದೆಯೋ ಎಂದು ನೋಡಿ, ಸರಿಯಿದ್ದರೆ ಮೊಹರು ಹಾಕುವುದು ಅವರ ಕೆಲಸ. ಕಾರ್ಖಾನೆ ಮುಚ್ಚಿತು, ಎದೆಯ ಮೇಲಿದ್ದ ಅದರ ಹೆಸರಿನ ಬಿಲ್ಲೆಯನ್ನು ಹೆಂಡತಿ ವೇದಾವತಿಯವರು ನೂಲು ಕಾಣದಂತೆ ಬಿಚ್ಚಿ ಕೊಟ್ಟರು, ಕೋಟು ಉಳಿಯಿತು. ಮೇ ತಿಂಗಳ ಸೆಕೆಯಲ್ಲಿ, ಲೋಕಲ್ ರೈಲಿನ ಸೆಕೆಂಡ್ ಕ್ಲಾಸಿನಲ್ಲಿ, ಮನುಷ್ಯನಿಗೆ ಚರ್ಮವೇ ಹೆಚ್ಚೆನಿಸುವ ಹೊತ್ತಿನಲ್ಲೂ ಅವರು ಕೋಟಿನ ಗುಂಡಿ ಹಾಕಿಕೊಂಡೇ ನಿಂತಿರುತ್ತಿದ್ದರು. ನಾವಿಬ್ಬರೂ ಒಂದೇ ಕಟ್ಟಡದವರು, ಅವರು ಎರಡನೆಯ ಮಹಡಿ, ನಾನು ಮೂರನೆಯದು. ಬೆಳಗಿನ ಗಾಡಿಯಲ್ಲಿ ಜೊತೆಯಾಗಿ ಠಾಣೆಯವರೆಗೆ ಹೋಗಿ, ನಾನು ನೌಪಾಡಾದ ನನ್ನ ಆಫೀಸಿಗೆ ನಡೆದರೆ ಅವರು ಗಾಡಿ ಬದಲಿಸಿ ಘಣಸೋಲಿಗೆ ಹೋಗುತ್ತಿದ್ದರು. ಅಲ್ಲಿನ ಕಚೇರಿಗಳಿಗೆ ವೈಫೈ ಜೋಡಿಸುವ ಸಣ್ಣದೊಂದು ಕಂಪನಿಯಲ್ಲಿ ಅವರಿಗೆ ಕೆಲಸ ಸಿಕ್ಕಿತ್ತು.

ಆ ರೈಲಿನಲ್ಲೇ ನನಗೆ ಈ ವಿದ್ಯೆಯ ಪಾಠವಾದದ್ದು. ಗಾಳಿಯಲ್ಲಿ ವೈಫೈಗೆಂದು ಬಿಟ್ಟುಕೊಟ್ಟ ಚಾನೆಲ್‌ಗಳು ನಮ್ಮ ದೇಶದಲ್ಲಿ ಹದಿಮೂರು, ಅಮೆರಿಕದಲ್ಲಿ ಹನ್ನೊಂದೇ. ಒಬ್ಬೊಬ್ಬರ ದೇಶಕ್ಕೆ ಒಂದೊಂದು ಕಟ್ಟಳೆ. ವೈಫೈ ಪೆಟ್ಟಿಗೆಯನ್ನು ಯಾವ ದೇಶಕ್ಕೆಂದು ತಯಾರಿಸಿದ್ದಾರೋ ಆ ದೇಶದ ಮಡಿ ಅದಕ್ಕೆ. ಉಪಾಧ್ಯರು ಚಾನೆಲ್‌ಗಳನ್ನು ತಿಥಿಗಳಂತೆ ಎಣಿಸುತ್ತಿದ್ದರು. ಆರನೆಯದು ಷಷ್ಠಿ, ಹನ್ನೊಂದನೆಯದು ಏಕಾದಶಿ. "ಅಮೆರಿಕದ ಯಂತ್ರಗಳಿಗೆ ಏಕಾದಶಿಯೇ ಕೊನೆ ರಾಯರೇ. ಪಾಪ, ಉಪವಾಸ ಮಾತ್ರ, ದ್ವಾದಶಿಯ ಪಾರಣೆ ಇಲ್ಲ!" ಎಂದು ತಾವೇ ನಕ್ಕು, ನಗುವಿನಿಂದ ಜಾರಿದ ಕನ್ನಡಕವನ್ನು ಮೊಣಕೈಯಿಂದ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದರು, ಕೈಗಳೆರಡೂ ಮೇಲಿನ ಹಿಡಿಯಲ್ಲಿರುತ್ತಿದ್ದುದರಿಂದ.

ಕಟ್ಟಳೆಯ ವಿಷಯದಲ್ಲಿ ಅವರ ಹಟ ಹೇಳತೀರದು. ನೌಪಾಡಾದಲ್ಲಿ ಜಯಶೀಲ ಶೆಟ್ಟರ ಹೋಟೆಲಿಗೆ ವೈಫೈ ಹಾಕಿಕೊಟ್ಟಾಗ, ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಬೇರೆ ಯಾವುದೋ ದೇಶದ ಹೆಸರು ಆರಿಸಿದರೆ ಶಕ್ತಿ ಹೆಚ್ಚಿ ಸಿಗ್ನಲ್ಲು ರಸ್ತೆಯವರೆಗೆ ಮುಟ್ಟುತ್ತದಂತೆ ಎಂದು ಶೆಟ್ಟರಿಗೆ ಯಾರೋ ಕಿವಿಯೂದಿದ್ದರು. ಉಪಾಧ್ಯರು ಏಣಿಯಿಂದ ಇಳಿದೇಬಿಟ್ಟರು. "ಶೆಟ್ರೇ, ಪೆಟ್ಟಿಗೆ ಇರುವುದು ನೌಪಾಡಾದಲ್ಲಿ. ಬೇರೆ ದೇಶದಲ್ಲಿದ್ದೇನೆ ಅಂತ ಅದು ಸುಳ್ಳು ಹೇಳ್ಲಿಕ್ಕಿಲ್ಲ."

"ಮಾರಾಯ್ರೆ, ನಾನು ಅದರ ಪಾಸ್‌ಪೋರ್ಟ್ ಕೇಳ್ತಾ ಇದ್ದೇನಾ? ವೈಫೈ ಕೇಳ್ತಾ ಇದ್ದೇನೆ!" ಎಂದರು ಶೆಟ್ಟರು. ಉಪಾಧ್ಯರು ಕಾಫಿಯನ್ನೂ ಕುಡಿಯದೆ ಬಂದರು. ಆ ಕತೆ ಕೇಳಿ ವೇದಾವತಿಯವರು ಒಗ್ಗರಣೆಯ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಇವರಿಗೆ ಹೆಂಡತಿ ಕರೆದರೆ ಕೇಳ್ಸುದಿಲ್ಲ. ಗಾಳಿ ಮಾತಾಡಿದ್ರೆ ಮಾತ್ರ ಕೇಳ್ತದೆ" ಎಂದಿದ್ದರು. ಆ ಮನೆಯಲ್ಲಿ ನಗುವಿದ್ದ ಕಾಲ ಅದು.

ಮುಂದಿನ ವರ್ಷವೇ ವೇದಾವತಿಯವರಿಗೆ ಪಾರ್ಶ್ವವಾಯು ಬಡಿಯಿತು. ಬಲಭಾಗ ಹೋಯಿತು, ಮಾತು ಹೋಯಿತು. ನಾಲಿಗೆಯಲ್ಲಿ ಉಳಿದದ್ದು "ಸಾಕು" ಎಂಬ ಒಂದೇ ಶಬ್ದ. ಹಸಿವಾದರೂ ಸಾಕು, ನೋವಾದರೂ ಸಾಕು, ನನ್ನನ್ನು ಕಂಡರೂ ಸಾಕು. ಮಕ್ಕಳಿಲ್ಲದ ಮನೆ. ಮುಕ್ತಾ ಎಂಬ ಹೆಂಗಸು ಬೆಳಗ್ಗೆ ಬಂದು, ಸ್ನಾನ ಊಟ ಮಾಡಿಸಿ, ಹನ್ನೆರಡೂವರೆಗೆ ಅವರನ್ನು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂರಿಸಿ ಹೋಗುತ್ತಿದ್ದಳು; ಅಲ್ಲಿಂದ ಸಂಜೆ ಉಪಾಧ್ಯರು ಬರುವವರೆಗೆ ಆಕೆ ಒಬ್ಬರೇ. ಕೆಲಸ ಬಿಟ್ಟರೆ ಔಷಧವಿಲ್ಲ, ಕೆಲಸಕ್ಕೆ ಹೋದರೆ ಜೀವ ಮನೆಯಲ್ಲಿ. ಹಡಗಿನಲ್ಲಿ ಎಂಜಿನಿಯರಾಗಿದ್ದ ವೇದಾವತಿಯವರ ತಮ್ಮ ಮಧ್ವರಾಜ, ಅಮೆರಿಕದ ಯಾವುದೋ ಬಂದರಿನಿಂದ ಒಂದು ಪುಟ್ಟ ಕ್ಯಾಮೆರಾ ತಂದುಕೊಟ್ಟ. ಮನೆಯ ವೈಫೈಗೆ ಅದನ್ನು ಸೇರಿಸಿದರೆ ಉಪಾಧ್ಯರು ಘಣಸೋಲಿಯಲ್ಲಿ ಕೂತು ಮೊಬೈಲಿನಲ್ಲಿ ಹೆಂಡತಿಯನ್ನು ನೋಡಬಹುದು. ನೋಡುವಾಗ ಕ್ಯಾಮೆರಾದಲ್ಲೊಂದು ನೀಲಿ ದೀಪ ಹತ್ತುತ್ತಿತ್ತು. ದೀಪ ಕಂಡೊಡನೆ ವೇದಾವತಿಯವರು ಎಡಗೈ ಎತ್ತುತ್ತಿದ್ದರು. ಮೂವತ್ತು ವರ್ಷದ ದಾಂಪತ್ಯದ ಮಾತುಕತೆಯೆಲ್ಲ ಆ ಎತ್ತಿದ ಕೈಯೊಂದಕ್ಕೆ ಬಂದು ನಿಂತಿತ್ತು.

ತೊಡಕು ಶುರುವಾದದ್ದು ಇಲ್ಲಿ. ಉಪಾಧ್ಯರ ಮನೆಯ ವೈಫೈ ಮೊದಲಿನಿಂದಲೂ ಹದಿಮೂರರಲ್ಲಿತ್ತು. ಕಟ್ಟಡದ ನಲವತ್ತು ಮನೆಗಳ ಪೆಟ್ಟಿಗೆಗಳು ಅಂಗಡಿಯಿಂದ ಬಂದ ಹಾಗೆಯೇ, ಹೆಚ್ಚಿನವು ಷಷ್ಠಿಯಲ್ಲೇ ಕುರಿಮಂದೆಯಂತೆ ಒತ್ತಿಕೊಂಡಿದ್ದವು, ಉಳಿದವು ಅದರ ಆಚೀಚೆ ಚದುರಿದ್ದವು. ತ್ರಯೋದಶಿಯೊಂದೇ ಖಾಲಿ, ನಿರ್ಮಲ. ಆದರೆ ಏಕಾದಶಿಯ ಆಚೆಗೆ ಲೋಕವೇ ಇಲ್ಲವೆಂದು ನಂಬಿದ್ದ ಆ ಅಮೆರಿಕದ ಕ್ಯಾಮೆರಾದ ಕಣ್ಣಿಗೆ ಹದಿಮೂರು ಬೀಳಲೇ ಇಲ್ಲ. ವಿಧಿಯಿಲ್ಲದೆ ಅವರು ತಮ್ಮ ಪೆಟ್ಟಿಗೆಯನ್ನು ಹನ್ನೊಂದಕ್ಕೆ ಇಳಿಸಿ ಆ ಗದ್ದಲದೊಳಗೇ ತಂದರು. ಚಿತ್ರ ಬರುವುದು, ನಿಲ್ಲುವುದು, ಮತ್ತೆ ಬರುವುದು. ಸಂಪರ್ಕ ಕಡಿದರೆ ಕೊನೆಯ ಚಿತ್ರವೇ ಪರದೆಯ ಮೇಲೆ ಉಳಿದುಬಿಡುತ್ತಿತ್ತು.

ಸ್ಟೇಷನ್ ಹತ್ತಿರ ಕಂಪ್ಯೂಟರ್ ಅಂಗಡಿಯಿಟ್ಟಿದ್ದ ನಮ್ಮೂರ ಕಡೆಯ ಹಿತೇಶ್, ನನ್ನೆದುರಿಗೇ ಅವರಿಗೆ ಹೇಳಿದ: "ಅಂಕಲ್, ಹತ್ತು ಮಿನಿಟ್‌ನ ಕಾಮ್. ಒಳಗಿನ ಸಾಫ್ಟ್‌ವೇರ್ ಬದಲಿಸಿ ಇಂಡಿಯಾ ಅಂತ ಹಾಕ್ತೇನೆ. ಹದಿಮೂರು ಕಾಣ್ತದೆ. ಕ್ಯಾಮೆರಾ ಇರುವುದು ಇಂಡಿಯಾದಲ್ಲೇ ಅಲ್ವಾ, ಇದ್ರಲ್ಲಿ ಸುಳ್ಳು ಎಂತ ಉಂಟು?"

ಉಪಾಧ್ಯರು ಕ್ಯಾಮೆರಾವನ್ನು ಕೋಟಿನ ಜೇಬಿಗೆ ಹಾಕಿಕೊಂಡರು. "ತಯಾರಿಸಿದವರು ಹಾಕಿದ ಮೊಹರು ಅದು. ಒಡೆಯುವುದು ನನ್ನಿಂದ ಆಗ್ಲಿಕ್ಕಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಸುಳ್ಳು ಹೇಳಿಸಲಾರೆನೆಂದು ಶೆಟ್ಟರ ಕಾಫಿ ಬಿಟ್ಟ ಮನುಷ್ಯ, ಇಲ್ಲಿ ಆ ಯಂತ್ರದ ಬಾಯಲ್ಲಿ ನಿಜ ಹೇಳಿಸುವುದಕ್ಕೂ ಒಪ್ಪಲಿಲ್ಲವಲ್ಲ! ಅದನ್ನು ಅವರ ಮುಖಕ್ಕೇ ಹೇಳಿದೆ. ಅವರು ಬೇಸರಿಸಲಿಲ್ಲ. "ಇನ್ನೊಂದು ದಾರಿ ಉಂಟು ರಾಯರೇ. ನಮ್ಮ ಅಕ್ಕಪಕ್ಕ, ಮೇಲೆ ಕೆಳಗೆ ಎಂಟು ಮನೆಯವರು ಒಂದಕ್ಕೋ ಆರಕ್ಕೋ ಹೋಗಿ ಹನ್ನೊಂದನ್ನು ನನಗೆ ಬಿಟ್ಟರೆ ಸಾಕು. ಸುಮ್ಮನೆ ಕೇಳುವುದು. ಕೇಳಿದರೆ ಯಾರು ಇಲ್ಲ ಅಂತಾರೆ?"

ಇಲ್ಲ ಎಂದು ಯಾರೂ ಅನ್ನಲಿಲ್ಲ. ಚೌಕದ ಹಾಳೆಯಲ್ಲಿ ಎಂಟು ಮನೆಗಳ ನಕ್ಷೆ ಬರೆದುಕೊಂಡು, ಕೋಟಿನ ಗುಂಡಿ ಹಾಕಿಕೊಂಡು, ಅವರು ಬಾಗಿಲು ಬಾಗಿಲಿಗೆ ಹೋದರು. ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಹೃಷೀಕೇಶ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, "ಕಾಕಾ, ನೆಟ್ ಚಾಲೂ ಆಹೇ ನಾ? ಮಗ್ ಕಶಾಲಾ ಹಾತ್ ಲಾವಾಯ್ಚಾ?" ಎಂದ, ನಡೆಯುತ್ತಿರುವುದನ್ನು ಮುಟ್ಟುವುದೇಕೆ ಎಂದು. ಒಬ್ಬರಿಗೆ ಪಾಸ್‌ವರ್ಡ್ ಮರೆತಿತ್ತು, ಇನ್ನೊಬ್ಬರ ಮಗ ಪರೀಕ್ಷೆ ಮುಗಿಯಲೆಂದ. ಎಂಟರಲ್ಲಿ ಒಂದು ಮನೆ ನನ್ನದು, ಅವರ ನೆತ್ತಿಯ ಮೇಲಿನದು. ನಾನೂ ಅಂದೆ, "ಅದಕ್ಕೇನಂತೆ, ಭಾನುವಾರ ಮಾಡೋಣ ಉಪಾಧ್ಯರೇ." ಆ ಭಾನುವಾರ ನನಗೊಂದು ಮದುವೆಯಿತ್ತು, ಮುಂದಿನದಕ್ಕೆ ನೆನಪಿರಲಿಲ್ಲ. ಅವರು ಮತ್ತೆ ಕೇಳಲಿಲ್ಲ. ಎರಡು ಸಲ ಕೇಳುವುದು ಒತ್ತಾಯವಾಗುತ್ತದೆ ಎಂದು ತಿಳಿಯುವ ಜಾತಿಯ ಮನುಷ್ಯ.

೨೦೧೪ರ ಡಿಸೆಂಬರಿನ ಒಂದು ಗುರುವಾರ ಸಂಜೆ, ಆರು ದಾಟಿದ ಮೇಲೆ, ಠಾಣೆಯಲ್ಲಿ ಅವರು ನನಗೆ ಸಿಕ್ಕರು. ಮುಖದಲ್ಲಿ ಬಹುದಿನಗಳಿಂದ ಕಾಣದ ಗೆಲುವು. ಗಾಡಿ ಹೊರಟೊಡನೆ ಮೊಬೈಲನ್ನು ನನ್ನ ಕಣ್ಣಿಗೆ ಹಿಡಿದು, "ನೋಡಿ, ಇವತ್ತು ನಾನು ನೋಡಿದಾಗಲೆಲ್ಲ ವೇದಾ ಕೈ ಎತ್ತಿದ್ದಾಳೆ. ಒಂದು ಸಲವೂ ತಪ್ಪಲಿಲ್ಲ" ಎಂದರು. ನೋಡಿದೆ. ಕುರ್ಚಿಯಲ್ಲಿ ವೇದಾವತಿಯವರು, ಎತ್ತಿದ ಎಡಗೈ, ಮಡಿಲಿನ ಶಾಲಿನ ಮೇಲೆ ಒಂದು ಚೂರು ಬಿಸಿಲು. "ಚೆನ್ನಾಗಿ ಕಾಣ್ತಾರೆ" ಎಂದೆ. ಎಂಥ ಮಾತು ಆಡಿದೆನೋ!

ಮುಂಬ್ರಾ ದಾಟಿತು, ದಿವಾ ದಾಟಿತು. ಹೊರಗೆ ಪೂರ್ಣ ಕತ್ತಲು. ಉಪಾಧ್ಯರು ಇನ್ನೊಮ್ಮೆ ಪರದೆಯನ್ನು ನೋಡಿದರು, ಬಾಗಿಲಿನ ಆಚೆಯ ಕತ್ತಲನ್ನು ನೋಡಿದರು, ಮತ್ತೆ ಪರದೆಯನ್ನು. ಆಮೇಲೆ ಬಹಳ ಮೆಲ್ಲನೆ, ತಪ್ಪಾದ ಯಂತ್ರವೊಂದನ್ನು ಪಕ್ಕಕ್ಕಿಡುವಾಗಿನ ಪರೀಕ್ಷಕನ ದನಿಯಲ್ಲಿ ಹೇಳಿದರು:

"ನಮ್ಮ ಮನೆಗೆ ಬಿಸಿಲು ಬರುವುದು ಒಂದರಿಂದ ಎರಡರವರೆಗೆ ಮಾತ್ರ ರಾಯರೇ. ಎರಡು ಬಿಲ್ಡಿಂಗಿನ ಸಂದಿಯಿಂದ."

ಡೊಂಬಿವಲಿಯಲ್ಲಿ ಗಾಡಿ ನಿಲ್ಲುವ ಮೊದಲೇ ಹಾರಿದರು. ಆ ಕೋಟು ಜನರ ನಡುವೆ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ವೇದಾವತಿಯವರು ಕುರ್ಚಿಯಿಂದ ಜಾರಿ ನೆಲದ ಮೇಲೆ ಮಗುಚಿ ಬಿದ್ದಿದ್ದರು, ಉಸಿರಿತ್ತು. ನರ್ಸಿಂಗ್ ಹೋಮಿನ ಡಾಕ್ಟರು ಒಂದೇ ಪ್ರಶ್ನೆ ಕೇಳಿದರು, ಬಿದ್ದು ಎಷ್ಟು ಹೊತ್ತಾಯಿತು? ಗಾಳಿಯ ಗದ್ದಲವನ್ನು ಗಂಟೆಗಂಟೆಗೂ ಬರೆದಿಡುತ್ತಿದ್ದ ಮನುಷ್ಯನಿಗೆ ಆ ಉತ್ತರ ಗೊತ್ತಿರಲಿಲ್ಲ. ಮೂರನೆಯ ದಿನ ಆಕೆ ಹೋದರು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಹೃಷೀಕೇಶ ಕೈಮುಗಿದು ಬಂದ. "ಕಾಕಾ, ಆತಾ ಸಾಂಗಾ, ಕಾಯ್ ಬದಲಾಯ್ಚಂ ತೆ ಬದಲೂ." ಏನು ಬದಲಿಸಬೇಕೋ ಹೇಳಿ, ಈಗ ಬದಲಿಸುತ್ತೇವೆ. ಎಂಟು ಮನೆಗಳ ಬಾಗಿಲುಗಳೂ ತೆರೆದಿದ್ದವು. ಉಪಾಧ್ಯರು ಯಾರನ್ನೂ ಬೈಯಲಿಲ್ಲ. ಅದೇ ಚೌಕದ ಹಾಳೆ ಹಿಡಿದು ಮನೆಮನೆಗೆ ಹೋದರು. ನನ್ನಲ್ಲಿಗೆ ಬಂದಾಗ ಹೊಸ್ತಿಲಲ್ಲಿ ನಿಂತು ಕೈ ಚಾಚಲಿಲ್ಲ, ಛಾವಣಿ ನೋಡಲಿಲ್ಲ. ಮೇಜಿನ ಬಳಿ ಕೂತು ನನ್ನ ಪೆಟ್ಟಿಗೆಯನ್ನು ಹನ್ನೊಂದರಿಂದ ಒಂದಕ್ಕೆ ಬದಲಿಸಿದರು. ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಆಯ್ತು" ಎಂದರು. "ಇಷ್ಟೇ."

ನನಗೆ ಅವರ ಕಾಲು ಹಿಡಿಯಬೇಕೆನಿಸಿತು. "ಉಪಾಧ್ಯರೇ, ನನ್ನಿಂದ..." ಎಂದು ಶುರುಮಾಡಿದೆ. "ಹಿತೇಶನ ಮಾತು ಕೇಳಬೇಕಿತ್ತು ನಾನು" ಎಂದು ಅವರು ಎದ್ದರು. ನನ್ನ ತಪ್ಪಿಗೂ ಜಾಗ ಬಿಡದೆ ಎಲ್ಲವನ್ನೂ ತಾವೇ ಹೊತ್ತುಕೊಂಡು ಹೋದರು. ಮರುದಿನ ನೋಡಿದರೆ ಅವರ ಮನೆಯ ವೈಫೈ ಮತ್ತೆ ಹದಿಮೂರಕ್ಕೆ ಹೋಗಿತ್ತು. ಕ್ಯಾಮೆರಾ ಖಾಲಿ ಕುರ್ಚಿಯ ಎದುರಿಗೇ ಇದೆ. ಕಾಣದ ಚಾನೆಲನ್ನು ಹುಡುಕುತ್ತ ಅದರ ದೀಪ ಹಗಲಿರುಳೂ ಮಿಟುಕುತ್ತದೆ. ಆರಿಸಿಬಿಡಿ ಎಂದು ಹೇಳಿ ನೋಡಿದೆ. "ಇರಲಿ" ಎಂದರು.

ಪ್ರತಿ ಕಟ್ಟಡದಲ್ಲೂ ಇಂಥವರೊಬ್ಬರು ಇರುತ್ತಾರೆ. ತನ್ನ ಪಾಲಿನ ಪಟ್ಟಿಯಲ್ಲಿ ತಾನಿದ್ದು, ಪರರ ಪಾಲನ್ನು ಪರರಿಗೆ ಬಿಟ್ಟರೆ ಈ ಕಿಕ್ಕಿರಿದ ಊರಿನಲ್ಲೂ ಎಲ್ಲರಿಗೂ ಜಾಗವಿದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಆ ಲೆಕ್ಕ ಸರಿಯಾಗಿಯೇ ಇರುತ್ತದೆ, ಅದೇ ದುಃಖ. ಯಾರ ಕಟ್ಟಳೆಯನ್ನೂ ಮುರಿಯದೆ, ಯಾರನ್ನೂ ಎರಡನೆಯ ಸಲ ಕೇಳದೆ, ಅವರು ನಮ್ಮ ಬಾಗಿಲಲ್ಲಿ ಹಾಳೆ ಹಿಡಿದು ನಿಂತು ಹೋಗುತ್ತಾರೆ. ಅವರಿಗೆ ಶತ್ರುಗಳು ಯಾರೂ ಇರುವುದಿಲ್ಲ. ಭಾನುವಾರ ಮಾಡೋಣ ಎನ್ನುವ ನಮ್ಮಂಥ ನೆರೆಯವರಿರುತ್ತಾರೆ, ಅಷ್ಟೇ ಸಾಕು.